ಎಂ 25 ಅಂದರೆ ಎಷ್ಟು ಭಾರ?

ಪುಣೆಯ ವಾಕಡ್, ಹಿಂಜವಡಿ ಕಡೆಯ ಸೈಟುಗಳಲ್ಲಿ ಕಲಬುರಗಿ, ವಿಜಯಪುರದಿಂದ ಬಂದ ಗಾರೆ ಕೆಲಸದವರ ಬಾಯಲ್ಲಿ ‘ಎಂ 25’ ಸದಾ ಇರುತ್ತದೆ. ಎಂ ಅಂದರೆ ಮಿಕ್ಸ್, ಕಾಂಕ್ರೀಟಿನ ಮಿಶ್ರಣ. 28 ದಿನ ತುಂಬಿದ ಕಾಂಕ್ರೀಟು ಪ್ರತಿ ಚದರ ಮಿಲಿಮೀಟರಿಗೆ 25 ನ್ಯೂಟನ್, ಅಂದರೆ 25 ಮೆಗಾಪಾಸ್ಕಲ್ ತಾಳಬೇಕು. ಕಿಲೋ ಲೆಕ್ಕದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 255.

ಇದನ್ನು ನೋಡುವುದು ಅದೇ ಕಾಂಕ್ರೀಟಿನ 150 ಮಿಲಿಮೀಟರಿನ ಕ್ಯೂಬ್ ಒಡೆದು. ಅದರ ಒಂದು ಮುಖ 22,500 ಚದರ ಮಿಲಿಮೀಟರ್. 25ರಿಂದ ಗುಣಿಸಿದರೆ 562.5 ಕಿಲೋನ್ಯೂಟನ್, ಹತ್ತಿರಹತ್ತಿರ 57 ಟನ್. ಯಂತ್ರ ತೋರಿಸುವುದು ಕಿಲೋನ್ಯೂಟನ್. 600ಕ್ಕೆ ಒಡೆದರೆ 22.5ರಿಂದ ಭಾಗಿಸಿ, 26.7 ಮೆಗಾಪಾಸ್ಕಲ್ ಎಂದು ಬರೆದುಕೊಳ್ಳಬೇಕು.

ಕಾಂಕ್ರೀಟು ಚೆನ್ನಾಗಿದ್ದೂ ಕ್ಯೂಬ್ ಸೋಲುವುದುಂಟು. ಅಚ್ಚಿಗೆ ಮೂರು ಪದರವಾಗಿ ತುಂಬಿ, ಪದರಕ್ಕೆ 35 ಸಲ ಸರಳಿನಿಂದ ಕುಟ್ಟಬೇಕು. ಕಡಿಮೆಯಾದರೆ ಒಳಗೆ ಗಾಳಿ ಉಳಿದು ಜೇನುಗೂಡಿನಂತಾಗುತ್ತದೆ. ಮರುದಿನ ಅಚ್ಚು ಬಿಚ್ಚಿ, ಸುಮಾರು 27 ಡಿಗ್ರಿಯ ನೀರಿನ ತೊಟ್ಟಿಗೆ ಹಾಕಬೇಕು. ಏಪ್ರಿಲ್ ಬಿಸಿಲಲ್ಲಿ ಒದ್ದೆ ಗೋಣಿ ಹೊದಿಸಿ ಬಿಟ್ಟರೆ ಸಾಲದು. ಗೋಣಿ ಒಣಗುತ್ತದೆ, ಸಿಮೆಂಟಿಗೆ ನೀರು ಸಿಗದೆ ಬಲ ಕೂಡುವುದು ನಿಲ್ಲುತ್ತದೆ. ಯಂತ್ರದಲ್ಲಿ ಇಡುವಾಗ ಕರಣೆ ಎಳೆದ ಮುಖ ಪಕ್ಕಕ್ಕೆ ಬರಲಿ. ಆ ಮುಖದ ಉಬ್ಬುತಗ್ಗು ಮೇಲೆ ಸಿಕ್ಕರೆ ಭಾರವೆಲ್ಲ ಉಬ್ಬಿನ ಮೇಲೇ ಕೂತು ಬೇಗ ಒಡೆಯುತ್ತದೆ. ಭಾರ ಏರಿಸುವ ವೇಗ ನಿಮಿಷಕ್ಕೆ 14 ಮೆಗಾಪಾಸ್ಕಲ್. ಅವಸರ ಮಾಡಿದರೆ ಇಲ್ಲದ ಬಲ ಕಾಣಿಸುತ್ತದೆ. ಸರಿಯಾಗಿ ಒಡೆದ ಕ್ಯೂಬಿನ ನಾಲ್ಕೂ ಪಕ್ಕ ಒಂದೇ ತೆರನಾಗಿ ಬಿರಿದು, ತುದಿಗೆ ತುದಿ ಕೊಟ್ಟ ಎರಡು ಗೋಪುರದಂತೆ ಡಮರುವಿನ ಆಕಾರ ಉಳಿಯುತ್ತದೆ. ಒಂದೇ ಮೂಲೆ ಹಾರಿದ್ದರೆ ಕ್ಯೂಬ್ ನಡುವಿಗೆ ಕೂತಿರದೆ ಇದ್ದಿರಬಹುದು. ಆ ಅಂಕಿಯನ್ನು ನಂಬಬಾರದು.

ನೀರಿನ ಪೈಪಿನಲ್ಲೂ ಇದೇ ಲೆಕ್ಕ, ಆದರೆ ಒತ್ತಡ ತೋರಿಸುವ ಗೇಜು ನೋಡುವ ಕಣ್ಣು ಬೇಕು. ಪ್ರತಿ 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ 1 ಕಿಲೋ, ಸುಮಾರು 1 ಬಾರ್. ಮುಂಬೈಯ 60 ಮೀಟರಿನ ಕಟ್ಟಡದ ಬುಡದಲ್ಲಿ 6 ಬಾರ್; ಅದಕ್ಕೇ ಕೆಳಮಹಡಿಗಳಿಗೆ ಒತ್ತಡ ತಗ್ಗಿಸುವ ವಾಲ್ವ್. ಗೇಜಿನಲ್ಲಿ ಹೆಚ್ಚಾಗಿ ಎರಡು ಸುತ್ತು ಅಂಕಿ ಇರುತ್ತದೆ, ಬಾರ್ ಮತ್ತು ಪಿಎಸ್ಐ (ಚದರ ಇಂಚಿಗೆ ಪೌಂಡ್ ಲೆಕ್ಕ). 1 ಬಾರ್ ಅಂದರೆ 14.5 ಪಿಎಸ್ಐ. ಪೈಪು ಸೋರುತ್ತದೆಯೇ ಎಂದು ಪಂಪಿನಿಂದ ಒತ್ತಡ ಹಾಕಿ ನೋಡುವಾಗ, 6 ಬಾರ್ ಬೇಕಾದಲ್ಲಿ ಪಿಎಸ್ಐ ಸುತ್ತಿನ 6 ನೋಡಿ ಪಂಪು ನಿಲ್ಲಿಸಿದರೆ ಪೈಪಿಗೆ ಬಿದ್ದದ್ದು ನಾಲ್ಕು ಮೀಟರ್ ನೀರಿನ ಒತ್ತಡ ಮಾತ್ರ, ಸಡಿಲ ಜಾಯಿಂಟೂ ಸೋರದೇ ಇರಬಹುದು. ಪಂಪು ಹೊಡೆಯುವ ಮುಂಚೆ ಮೇಲಿನ ನಲ್ಲಿ ತೆರೆದು, ನೀರು ಉಗುಳದೆ ಒಂದೇ ಧಾರೆಯಾಗಿ ಬರುವವರೆಗೆ ಗಾಳಿ ಬಿಡಿ. ಒಳಗೆ ಅಮುಕಿದ ಗಾಳಿ ಉಳಿದಿದ್ದರೆ, ಪೈಪು ಒಡೆದಾಗ ಚೂರುಗಳು ಸಿಡಿಯುತ್ತವೆ.