ಬಟ್ಟೆಯ ಕಾಲುಚೀಲ: ಅಳತೆ, ಕ್ರಾಸ್ ಮತ್ತು ಹಿಮ್ಮಡಿಯ ಲೆಕ್ಕ

14ನೇ ಶತಮಾನದ ಯುರೋಪಿನಲ್ಲಿ ಕಾಲುಚೀಲವೆಂದರೆ ಬಹುಮಟ್ಟಿಗೆ ನೇಯ್ದ ಉಣ್ಣೆ ಬಟ್ಟೆಯನ್ನು ಕತ್ತರಿಸಿ ಕೈಯಲ್ಲಿ ಹೊಲಿದದ್ದು. ಕಡ್ಡಿಯಲ್ಲಿ ಹೆಣೆದ ಕಾಲುಚೀಲ ಅಲ್ಲಿ ಬಳಕೆಗೆ ಬಂದದ್ದು 16ನೇ ಶತಮಾನದಲ್ಲಿ. ಅದನ್ನು ಹೆಣೆಯುವ ಯಂತ್ರವನ್ನು ಇಂಗ್ಲೆಂಡಿನ ವಿಲಿಯಂ ಲೀ ಮಾಡಿದ್ದು 1589ರಲ್ಲಿ. ಅದಕ್ಕೂ ಹಿಂದಿನ ಬಟ್ಟೆಯ ಕಾಲುಚೀಲಗಳು ನಮ್ಮ ಅದೃಷ್ಟಕ್ಕೆ ಮಣ್ಣಿನಲ್ಲಿ ಉಳಿದಿವೆ. ಗ್ರೀನ್‌ಲ್ಯಾಂಡಿನ ಹೆರ್ಯೋಲ್ಫ್ಸ್‌ನೆಸ್‌ನ ಸ್ಮಶಾನದಲ್ಲಿ 1921ರಲ್ಲಿ ಪೌಲ್ ನೋರ್ಲುಂಡ್ ನಡೆಸಿದ ಉತ್ಖನನದಲ್ಲಿ ಕೆಲವು ಸಿಕ್ಕವು. 1936ರಲ್ಲಿ ಸ್ವೀಡನ್ನಿನ ಜೌಗುನೆಲದಲ್ಲಿ ಸಿಕ್ಕ ಬೊಕ್ಸ್ಟೆನ್ ಮನುಷ್ಯ ಎಂಬ ಮಧ್ಯಯುಗದ ಶವದ ಕಾಲಿನಲ್ಲೂ ಇದ್ದವು. ಲಂಡನ್ನಿನ ಬೇನಾರ್ಡ್ಸ್ ಕ್ಯಾಸಲ್‌ನ ಹಳೆಯ ಹಡಗುಕಟ್ಟೆಯನ್ನು ಅಗೆದಾಗ ಇಂತಹ ಕಾಲುಚೀಲಗಳ ತುಂಡುಗಳು ಕಸದ ಜೊತೆ ಮೇಲೆ ಬಂದವು.

ಈ ಹೊಲಿಗೆಯ ಮೂಲಸೂತ್ರ ಕ್ರಾಸ್. ಬಟ್ಟೆಯನ್ನು ಹಾಸಿನ (ಉದ್ದದ ಎಳೆಗಳ) ಉದ್ದಕ್ಕೆ ಎಳೆಯಿರಿ, ಹೊಕ್ಕಿನ (ಅಡ್ಡ ಎಳೆಗಳ) ಉದ್ದಕ್ಕೆ ಎಳೆಯಿರಿ, ಅಷ್ಟೇನೂ ಜಗ್ಗುವುದಿಲ್ಲ. ಎರಡರ ನಡುವೆ 45 ಡಿಗ್ರಿ ಓರೆಯಲ್ಲಿ, ಅಂದರೆ ಕ್ರಾಸ್‌ನಲ್ಲಿ, ಎಳೆದರೆ ಅದೇ ಬಟ್ಟೆ ಹಿಗ್ಗಿ ಮೈಗೆ ಅಂಟುತ್ತದೆ. ನಮ್ಮ ದರ್ಜಿಗಳು ಚೂಡಿದಾರ ಪೈಜಾಮವನ್ನು ಕ್ರಾಸ್‌ನಲ್ಲಿ ಕತ್ತರಿಸುವುದು ಈ ಗುಣಕ್ಕಾಗಿಯೇ. ಹಾಗಾಗಿ ಕಾಗದದ ಮೇಲೆ ಮೊದಲು ಎಳೆಯಬೇಕಾದದ್ದು ಕಾಲಿನ ಮುಂಭಾಗದ ನಡುಗೆರೆ. ಅದು ಬಟ್ಟೆಯ ಓರೆಯ ಮೇಲೆ ಕೂರಬೇಕು. ಹೊಲಿಗೆ ಕಾಲಿನ ಹಿಂಭಾಗದಲ್ಲಿ ಒಂದೇ ಒಂದು.

ಅಳತೆ ತೆಗೆದುಕೊಳ್ಳುವಾಗ ತೊಡೆ, ಮಂಡಿಯ ಕೆಳಗು, ಮೀನಖಂಡದ ದಪ್ಪಭಾಗ, ಹರಡು, ಇಷ್ಟನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ಬಿಟ್ಟುಹೋಗುವುದು ಇನ್ನೊಂದು: ಹಿಮ್ಮಡಿಯ ತುದಿಯಿಂದ ಪಾದದ ಮೇಲಿನ ಬಾಗಿಗೆ ಓರೆಯಾಗಿ ಸುತ್ತಿ ತೆಗೆಯುವ ಸುತ್ತಳತೆ. ಇಡೀ ನಕ್ಷೆಯನ್ನು ಆಳುವುದು ಈ ಸಂಖ್ಯೆ, ಏಕೆಂದರೆ ಕಾಲುಚೀಲದ ಅತಿ ಕಿರಿದಾದ ಜಾಗದ ಮೂಲಕ ಇದು ನುಸುಳಿ ಹೋಗಬೇಕು.

ಲೆಕ್ಕ ಹೀಗೆ. ಹೊಲಿಯಲಿರುವ ಬಟ್ಟೆಯ ಓರೆಯಲ್ಲಿ 10 ಸೆಂ.ಮೀ. ಗುರುತು ಹಾಕಿ ಗಟ್ಟಿಯಾಗಿ ಎಳೆಯಿರಿ, 12 ಸೆಂ.ಮೀ. ಆಯಿತೆಂದುಕೊಳ್ಳೋಣ. ಹರಡಿನ ಸುತ್ತಳತೆ 22, ಹಿಮ್ಮಡಿಯ ಓರೆ ಸುತ್ತಳತೆ 31 ಸೆಂ.ಮೀ. ಇರಲಿ. ಬಟ್ಟೆ ಪೂರ್ತಿ ಜಗ್ಗಿದಾಗ 31 ಆಗಬೇಕಾದರೆ ಅದರ ಅಗಲ 31 ಭಾಗಿಸು 1.2, ಅಂದರೆ ಸುಮಾರು 26 ಸೆಂ.ಮೀ. ಇರಲೇಬೇಕು. ಹರಡಿನಲ್ಲಿ 4 ಸೆಂ.ಮೀ. ಸಡಿಲ ಉಳಿದು ಸುಕ್ಕು ಬೀಳುತ್ತದೆ. ಆ ಸುಕ್ಕನ್ನು ತೆಗೆಯಲು ಹೋಗಬೇಡಿ: ತೆಗೆದರೆ ಕಾಲು ಒಳಗೆ ಹೋಗುವುದಿಲ್ಲ. ಹೆಚ್ಚು ಜಗ್ಗುವ ಬಟ್ಟೆ ಸಿಕ್ಕರೆ ಸುಕ್ಕು ತಾನಾಗಿ ಕಡಿಮೆಯಾಗುತ್ತದೆ. ಬಟ್ಟೆಯ ಆಯ್ಕೆಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಾದದ್ದು ಇದಕ್ಕಾಗಿಯೇ.

ಮೀನಖಂಡಕ್ಕೆ ಇಷ್ಟು ಬಿಗುವು ಬೇಡ. ಪೂರ್ತಿ ಜಗ್ಗುವಿಕೆಯನ್ನು ಅಲ್ಲೇ ಖರ್ಚು ಮಾಡಿದರೆ ಕೂರಲು, ಮಂಡಿ ಮಡಚಲು ಏನೂ ಉಳಿಯುವುದಿಲ್ಲ. ಅರ್ಧ ಮಾತ್ರ ಬಳಸಿ: 36 ಸೆಂ.ಮೀ. ಸುತ್ತಳತೆಗೆ 33ರ ಹತ್ತಿರದ ಅಗಲ. ಇನ್ನೊಂದು ವಿಷಯ ಮರೆಯುವಂತಿಲ್ಲ. ಕ್ರಾಸ್ ಬಟ್ಟೆ ಅಡ್ಡಕ್ಕೆ ಹಿಗ್ಗಿದಷ್ಟೂ ಉದ್ದಕ್ಕೆ ಕುಗ್ಗುತ್ತದೆ. ಅದಕ್ಕೆ ಮೇಲಂಚಿನಲ್ಲಿ ಧಾರಾಳವಾಗಿ ಉದ್ದ ಬಿಟ್ಟು, ಕಾಲಿಗೆ ತೊಡಿಸಿ ನೋಡಿದ ಮೇಲೆ ಕತ್ತರಿಸಿ.

ಕಾಗದದ ನಕ್ಷೆ ಆರಂಭ ಮಾತ್ರ. ಅದರಂತೆ ಸುತ್ತಲೂ ಮಾರ್ಜಿನ್ ಬಿಟ್ಟು ಕತ್ತರಿಸಿದ ಬಟ್ಟೆಯನ್ನು ಒಳಮುಖ ಹೊರಗೆ ಮಾಡಿ ಕಾಲಿಗೆ ಸುತ್ತಿ, ಹಿಂಭಾಗದಲ್ಲಿ ಗುಂಡುಪಿನ್ನು ಚುಚ್ಚುತ್ತಾ ಹೋಗಬೇಕು. ಇದು ಒಬ್ಬರೇ ಮಾಡುವ ಕೆಲಸವಲ್ಲ, ಜೊತೆಗೊಬ್ಬರು ಬೇಕು. ತೊಡುವವರು ನಿಂತೇ ಇರಬೇಕು. ಪ್ರಯೋಗಕ್ಕೆ ಹತ್ತಿ ಬಟ್ಟೆ ಸಾಲದು, ಅದು ಜಗ್ಗುವ ರೀತಿಯೇ ಬೇರೆ. ನಮ್ಮ ಕಂಬಳಿ ತೀರ ಒರಟು ಮತ್ತು ದಪ್ಪ. ಹಳೆಯ ತೆಳು ಉಣ್ಣೆ ಶಾಲು ಇದ್ದರೆ ಅದೇ ಸರಿ.

ಪಾದಕ್ಕೆ ನನ್ನ ಮೆಚ್ಚಿನ ಕ್ರಮ ಇದು: ಕಾಲಿನ ತುಂಡಿನ ಮುಂಭಾಗವನ್ನೇ ನಾಲಿಗೆಯಂತೆ ಬೆರಳುಗಳವರೆಗೆ ಇಳಿಸಿ, ಅಂಗಾಲಿಗೆ ಬೇರೆ ತುಂಡು ಕತ್ತರಿಸಿ, ಎರಡನ್ನೂ ಪಾದದ ಅಂಚಿನಲ್ಲಿ ಕೂಡಿಸುವುದು. ಹೊಲಿಗೆ ಅಂಗಾಲಿನ ಕೆಳಗೆ ಬಂದರೆ ನಡೆದಾಗ ಒತ್ತುತ್ತದೆ. ಅಂಗಾಲು ಸವೆದಾಗ ಆ ತುಂಡನ್ನಷ್ಟೇ ಬಿಚ್ಚಿ ಬದಲಾಯಿಸಲೂಬಹುದು. ನಾಲಿಗೆಯನ್ನು ಬಿಡಿಸಲು ಹರಡಿನ ಎರಡೂ ಪಕ್ಕ ಕತ್ತರಿಸಿದ ಸೀಳು ಬಿಗಿಯಾದರೆ ಅಲ್ಲೊಂದು ಸಣ್ಣ ತ್ರಿಕೋನ ಸೇರಿಸಿ.

ಕ್ರಾಸ್‌ನಲ್ಲಿ ಕತ್ತರಿಸಿದರೆ ಬಟ್ಟೆ ಬಹಳ ವ್ಯರ್ಥವಾಗುತ್ತದೆ. ತೊಡೆಯ ಮೇಲಂಚಿಗೆ ಬಟ್ಟೆ ಸಾಲದಿದ್ದರೆ ಉಳಿದ ಮೂಲೆಯ ತುಂಡನ್ನೇ ಎಳೆಯ ದಿಕ್ಕು ನೋಡಿ ಸೇರಿಸಿ. ಎರಡನೆಯ ಕಾಲಿಗೆ ನಕ್ಷೆಯನ್ನು ತಿರುವಿಹಾಕಬೇಕು. ಹಿಂಭಾಗದ ಹೊಲಿಗೆಗೆ ಸಾದಾ ಓಟದ ಹೊಲಿಗೆ ಬೇಡ; ಬಟ್ಟೆ ಜಗ್ಗಿದಾಗ ಅದರ ನೂಲು ಪಟ್ಟನೆ ಹರಿಯುತ್ತದೆ. ಪ್ರತಿ ಹೆಜ್ಜೆಗೂ ಸೂಜಿ ಹಿಂದಕ್ಕೆ ಬರುವ ಹೊಲಿಗೆ ಹಾಕಿ, ನೂಲನ್ನು ಬಿಗಿಯಾಗಿ ಎಳೆಯದೆ, ಆಗಾಗ ಹೊಲಿಗೆಯನ್ನು ಉದ್ದಕ್ಕೆ ಜಗ್ಗಿ ನೋಡುತ್ತಾ ಮುಂದುವರಿಯಿರಿ. ಮಾರ್ಜಿನ್‌ನ ಎರಡು ಅಂಚುಗಳನ್ನು ಕೊನೆಗೆ ಎರಡು ಬದಿಗೆ ಬಿಡಿಸಿ, ಒಳಗಿನಿಂದ ಸಡಿಲವಾಗಿ ಹೆಮ್ಮಿಂಗ್ ಮಾಡಬೇಕು.