‘ಬಲವಾದ ಅನುಮಾನವಿದೆ’ ಅಂದರೆ ವಾರೆಂಟ್ ಸಿಗುವುದಿಲ್ಲ

"ಕೋರ್ಟ್ ಆರ್ಡರ್ ಇದೆಯಲ್ಲ ಸಾರ್, ಆದ್ರೂ ಇಮೇಲ್ ಯಾಕೆ ಕೊಡ್ತಿಲ್ಲ ಅಮೆರಿಕದೋರು?" ವಂಚಕರು ಬಳಸಿದ ಇಮೇಲ್ ಖಾತೆ ಅಮೆರಿಕದ ಕಂಪನಿಯದ್ದಾಗಿರುವ ಸೈಬರ್ ವಂಚನೆಯ ಕೇಸುಗಳಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಹಣ ಕಳಕೊಂಡವರು ಕೇಳಿದರೆ ಬೇಜಾರಿಲ್ಲ. ತನಿಖೆ ಮಾಡುವವರೇ ಕೇಳಿದಾಗ ಸಂಕಟವಾಗುತ್ತದೆ.

ಬಿಎನ್‌ಎಸ್‌ಎಸ್ (ಈಗಿನ ಕ್ರಿಮಿನಲ್ ಪ್ರಕ್ರಿಯಾ ಕಾನೂನು) ಸೆಕ್ಷನ್ 112ರಲ್ಲಿ ನಮ್ಮ ಕೋರ್ಟ್ ಕೊಡುವುದು ಕೋರಿಕೆ ಪತ್ರ. ಹಳೆಯ ಸಿಆರ್‌ಪಿಸಿಯಲ್ಲಿ ಅದು 166ಎ. ಅಮೆರಿಕದವರಿಗೆ ಅದು ಆರ್ಡರ್ ಅಲ್ಲ. ಕ್ರಿಮಿನಲ್ ಕೇಸುಗಳಲ್ಲಿ ಪರಸ್ಪರ ನೆರವಾಗಲು ಎರಡು ದೇಶಗಳ ನಡುವೆ 2005ರಿಂದ ಒಪ್ಪಂದ ಜಾರಿಯಲ್ಲಿದೆ, ಪತ್ರ ಗೃಹ ಸಚಿವಾಲಯದ ಮೂಲಕ ಅವರ ನ್ಯಾಯ ಇಲಾಖೆಗೆ ಹೋಗುತ್ತದೆ, ಎಲ್ಲ ಸರಿ. ಆದರೆ ಇಮೇಲಿನ ಒಳಗೆ ಏನು ಬರೆದಿದೆ ಅಂತ ನೋಡಬೇಕಾದರೆ ಅಲ್ಲಿನ ಫೆಡರಲ್ ಜಡ್ಜ್ ಸರ್ಚ್ ವಾರೆಂಟ್ ಕೊಡಬೇಕು. ಅವರು ತಮ್ಮ ಕಾನೂನಿನ ಪ್ರಕಾರವೇ ನೋಡುತ್ತಾರೆ.

ಅವರು ಕೇಳುವುದು ‘ಪ್ರಾಬಬಲ್ ಕಾಸ್’, ಅಂದರೆ ನಂಬಲು ತಕ್ಕ ಆಧಾರ. ಅವರ ಸಂವಿಧಾನದ 1791ರ ನಾಲ್ಕನೇ ತಿದ್ದುಪಡಿಯಲ್ಲಿರುವ ಮಾತು ಇದು. ಅಪರಾಧ ನಡೆದಿದೆ ಎಂದು ತೋರಿಸಿದರೆ ಅರ್ಧ ಕೆಲಸ ಮಾತ್ರ ಆಯಿತು. ಅದರ ಸಾಕ್ಷ್ಯ ಇದೇ ಖಾತೆಯಲ್ಲಿ, ಈಗಲೂ ಇದೆ ಎಂದು ನಂಬಲು ಏನು ಆಧಾರ? ನಿಮಗೆ ಹೇಳಿದವರು ಯಾರು? ಅವರಿಗೆ ಹೇಗೆ ಗೊತ್ತು? ಯಾವ ದಿನದ ಸಂಗತಿ? ನಮ್ಮ ಕೋರಿಕೆಗಳಲ್ಲಿ ಎಫ್‌ಐಆರ್ ಪೂರ್ತಿ ಇರುತ್ತದೆ, ಇದಕ್ಕೆ ಉತ್ತರ ಮಾತ್ರ ಇರುವುದಿಲ್ಲ. ‘ಆರೋಪಿ ಈ ಖಾತೆ ಬಳಸಿರುವ ಬಲವಾದ ಅನುಮಾನವಿದೆ’ ಎಂಬ ಒಂದು ಸಾಲು ಇರುತ್ತದೆ, ಅಷ್ಟೇ.

1978ರಲ್ಲಿ ಇಲಿನಾಯ್ ರಾಜ್ಯದ ಬ್ಲೂಮಿಂಗ್‌ಡೇಲ್ ಪೊಲೀಸರಿಗೆ ಒಂದು ಅನಾಮಧೇಯ ಪತ್ರ ಬಂತು. ಗಂಡ ಹೆಂಡತಿ ಇಬ್ಬರು ಡ್ರಗ್ಸ್ ಮಾರುತ್ತಾರೆ, ಹೆಂಡತಿ ಕಾರನ್ನು ಫ್ಲೋರಿಡಾಕ್ಕೆ ಒಯ್ದು ಬಿಡುತ್ತಾಳೆ, ಗಂಡ ವಿಮಾನದಲ್ಲಿ ಹೋಗಿ ಅದನ್ನು ಓಡಿಸಿಕೊಂಡು ಬರುತ್ತಾನೆ ಅಂತ. ಪೊಲೀಸರು ಸುಮ್ನೆ ಪತ್ರ ಹಿಡಿದು ಜಡ್ಜ್ ಹತ್ತಿರ ಓಡಲಿಲ್ಲ. ವಿಮಾನದ ಟಿಕೆಟ್ ನೋಡಿದರು, ಅವನು ಇಳಿದ ಮೋಟೆಲ್ ನೋಡಿದರು, ಮಾರನೇ ಬೆಳಿಗ್ಗೆ ಕಾರು ಹೊರಟದ್ದನ್ನೂ ನೋಡಿದರು. ಆಮೇಲೆ ವಾರೆಂಟ್ ಕೇಳಿದರು. ಕಾರಿನ ಡಿಕ್ಕಿಯಲ್ಲಿ ಸುಮಾರು 350 ಪೌಂಡ್ ಗಾಂಜಾ ಸಿಕ್ಕಿತು. 1983ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ವಾರೆಂಟನ್ನು ಎತ್ತಿ ಹಿಡಿಯಿತು. ಆದರೆ ಬರೀ ಪತ್ರ ಸಾಲುತ್ತಿರಲಿಲ್ಲ ಎಂದೂ ಹೇಳಿತು. ನಮ್ಮ ಬಹುಪಾಲು ಕೋರಿಕೆಗಳು ಆ ಬರೀ ಪತ್ರದ ಹಂತದಲ್ಲೇ ಇರುತ್ತವೆ.

ನನ್ನ ಹತ್ತಿರ ಒಬ್ಬ ನಿವೃತ್ತ ಟೀಚರಮ್ಮ ಬಂದಿದ್ದರು. ಹೂಡಿಕೆ ಹೆಸರಲ್ಲಿ ಮೋಸ ಹೋಗಿದ್ದರು. ಅವರ ಕೇಸಿನ ಕೋರಿಕೆ ವಾಪಸ್ ಬಂದಿತ್ತು. ಫೈಲ್ ನೋಡಿದರೆ ಅದೇ ಬಲವಾದ ಅನುಮಾನ, ಕೊನೆಯಲ್ಲಿ ‘ಖಾತೆಯ ಎಲ್ಲಾ ಡೇಟಾ ಕೊಡಿ’. ಯಾವ ದಿನದಿಂದ ಯಾವ ದಿನದವರೆಗೆ ಅಂತಲೂ ಇಲ್ಲ. ಇಂಥ ಜಾಲಾಟಕ್ಕೆ ಅಲ್ಲಿ ವಾರೆಂಟ್ ಸಿಗುವುದಿಲ್ಲ.

"ಅಮ್ಮಾ, ನಿಮ್ಮ ಹತ್ತಿರ ಬೇರೆ ಏನಾದ್ರೂ ಬರೆದಿಟ್ಟಿದ್ದೀರಾ?" ಅಂದೆ. ಹಾಲಿನ ಲೆಕ್ಕದ ಪುಸ್ತಕ ತೆಗೆದರು. ಹಿಂದಿನ ಪುಟಗಳಲ್ಲಿ ಎಲ್ಲ ಇತ್ತು. ಯಾವ ದಿನ ಯಾವ ಐಡಿಯಿಂದ ಮೇಲ್ ಬಂತು, ಅದರಲ್ಲಿ ಯಾವ ಬ್ಯಾಂಕ್ ಖಾತೆಯ ನಂಬರ್ ಇತ್ತು, ಎಷ್ಟು ಹೊತ್ತಿಗೆ ಹಣ ಹೋಯಿತು. ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಸಾಲು ಸಾಲಾಗಿ ತಾಳೆಯಾಗುತ್ತಿತ್ತು. "ಇದನ್ನ ಯಾರೂ ಕೇಳ್ಲಿಲ್ಲಪ್ಪ" ಅಂದರು. ಹೊಟ್ಟೆ ಉರಿಯಿತು ನನಗೆ.

ಉಳಿದದ್ದು ಬೇಗ ಹೇಳುತ್ತೇನೆ. ವಾರೆಂಟ್ ಬೇಕಾದರೆ ಆ ಕೃತ್ಯಕ್ಕೆ ಅಮೆರಿಕದಲ್ಲೂ ಒಂದು ವರ್ಷಕ್ಕಿಂತ ಜಾಸ್ತಿ ಜೈಲು ಶಿಕ್ಷೆ ಇರಬೇಕು. ವಂಚನೆಗೆ ಇದು ಕಷ್ಟವಲ್ಲ, ಮಾನಹಾನಿ ಕೇಸುಗಳು ಬಹುಮಟ್ಟಿಗೆ ಇಲ್ಲೇ ನಿಲ್ಲುತ್ತವೆ. ಖಾತೆದಾರನ ಹೆಸರು, ಫೋನ್ ನಂಬರ್ ಮಾತ್ರ ಸಾಕಾದರೆ ವಾರೆಂಟೇ ಬೇಡ. ಡೇಟಾ ಅಳಿಸದೆ ಕಾಯ್ದಿಡಿ ಎಂಬ ಕೋರಿಕೆ ಮಾತ್ರ ಮೊದಲ ವಾರದಲ್ಲೇ ಹೋಗಬೇಕು. ಅವರ ಕಾನೂನಿನಲ್ಲಿ ಅದರ ಅವಧಿ 90 ದಿನ, ಮತ್ತೆ ಕೇಳಿದರೆ ಇನ್ನೂ 90. ನಿಮ್ಮ ಕೇಸಿನಲ್ಲಿ ಬೇರೆ ತೊಡಕು ಇರಬಹುದು, ವಕೀಲರಿಗೆ ಕಾಗದ ತೋರಿಸದೆ ಇದನ್ನೇ ನಂಬಿಕೊಳ್ಳಬೇಡಿ.

ಟೀಚರಮ್ಮನ ಕೇಸಿನಲ್ಲಿ ಕೋರಿಕೆ ಹೊಸದಾಗಿ ಹೋಗಿದೆ. ಈ ಸಲ ಒಂದೇ ಖಾತೆ, ನಾಲ್ಕು ತಿಂಗಳ ಮೇಲ್ ಮಾತ್ರ. ಉತ್ತರ ಇನ್ನೂ ಬಂದಿಲ್ಲ. ಹಾಲಿನ ಪುಸ್ತಕದ ಹನ್ನೊಂದು ಪುಟಗಳ ಪ್ರತಿ, ಇಂಗ್ಲಿಷ್ ಅನುವಾದದ ಸಮೇತ, ಅದರ ಜೊತೆಗಿದೆ.