ಮಂಡ್ಯ ರೈಲು ನಿಲ್ದಾಣ: ಬರಗಾಲದ ಕೂಲಿಯಿಂದ ತಿಂಗಳ ಪಾಸಿನವರೆಗೆ

ಬೆಳಿಗ್ಗೆ ಏಳು ಗಂಟೆ ದಾಟಿತೆಂದರೆ ಮಂಡ್ಯ ನಿಲ್ದಾಣದಲ್ಲಿ ಚಾಮುಂಡಿ ಎಕ್ಸ್‌ಪ್ರೆಸ್‌ಗೆ ಕಾಯುವವರ ಗುಂಪು ಬೆಳೆಯುತ್ತದೆ. ಬೆಂಗಳೂರಿನಲ್ಲಿ ದುಡಿದು ರಾತ್ರಿ ಊರಿಗೇ ಮರಳುವ ಇವರು, ತಮ್ಮ ಬೋಗಿ ಯಾವ ಕಂಬದ ಎದುರು ನಿಲ್ಲುತ್ತದೆಂಬುದನ್ನು ಬಲ್ಲವರು. ಊಟದ ಡಬ್ಬಿಯ ಚೀಲವನ್ನು ಹೆಗಲಿಗೇರಿಸಿ, ರೈಲು ಕಣ್ಣಿಗೆ ಬೀಳುವ ಮೊದಲೇ ಆ ಜಾಗದಲ್ಲಿ ನಿಂತಿರುತ್ತಾರೆ.

ಈ ಹಳಿಯ ಹುಟ್ಟು ಹಸಿವಿನೊಂದಿಗೆ ಬೆಸೆದುಕೊಂಡಿದೆ. ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 1878ರವರೆಗೆ, ಮೈಸೂರು ಸಂಸ್ಥಾನವನ್ನು ಭೀಕರ ಬರಗಾಲ ಕಾಡಿದಾಗ, ಜನರಿಗೆ ಕೂಲಿ ಒದಗಿಸುವ ಸಲುವಾಗಿ ಬೆಂಗಳೂರು–ಮೈಸೂರು ರೈಲು ದಾರಿಯ ಮಣ್ಣಿನ ಕೆಲಸವನ್ನು ಪರಿಹಾರ ಕಾಮಗಾರಿಯಾಗಿ ಕೈಗೆತ್ತಿಕೊಳ್ಳಲಾಯಿತು. ಸುಮಾರು 138 ಕಿಲೋಮೀಟರ್ ಉದ್ದದ, ಕಿರಿದಾದ ಮೀಟರ್‌ಗೇಜ್ ಹಳಿ 1882ರಲ್ಲಿ ಮೈಸೂರು ಮುಟ್ಟಿತು. ಆಗ ಮಂಡ್ಯ ಜಿಲ್ಲಾಕೇಂದ್ರವಾಗಿರಲಿಲ್ಲ, ಸುತ್ತ ಇಂದಿನಂತೆ ಕಬ್ಬಿನ ಗದ್ದೆಗಳೂ ಇರಲಿಲ್ಲ. ಕನ್ನಂಬಾಡಿಯ ನೀರು ನಾಲೆಗಳಲ್ಲಿ ಹರಿದು, 1930ರ ದಶಕದಲ್ಲಿ ಸಕ್ಕರೆ ಕಾರ್ಖಾನೆ ಆರಂಭವಾಗಿ, 1939ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ನಿಲ್ದಾಣದ ತೂಕವೂ ಹೆಚ್ಚಿತು.

1990ರ ದಶಕದಲ್ಲಿ ಹಳಿ ಅಗಲವಾದ ಬ್ರಾಡ್‌ಗೇಜ್ ಆಯಿತಾದರೂ ದಿನವಹಿ ಪ್ರಯಾಣಿಕರ ಮುಖ್ಯ ಸಂಕಟ ತೀರಲಿಲ್ಲ. ಒಂಟಿ ಹಳಿಯ ಮೇಲೆ ಎದುರಿನ ಗಾಡಿಗೆ ದಾರಿ ಬಿಡಲು ಹನಕೆರೆಯಲ್ಲೋ ಯಲಿಯೂರಿನಲ್ಲೋ ‘ಕ್ರಾಸಿಂಗ್’ ಎಂದು ನಿಲ್ಲಿಸಿದರೆ ಕಚೇರಿಯ ಹಾಜರಿ ತಪ್ಪುತ್ತಿತ್ತು. ಜೋಡಿ ಹಳಿಯ ಕೆಲಸ ಹಂತಹಂತವಾಗಿ ಸಾಗಿ ಕೊನೆಗೆ ಶ್ರೀರಂಗಪಟ್ಟಣದಲ್ಲಿ ತಡೆಯಿತು. ದಾರಿಗೆ ಅಡ್ಡವಾಗಿದ್ದ ಟಿಪ್ಪು ಕಾಲದ ಶಸ್ತ್ರಾಗಾರವನ್ನು ಕೆಡವದೆ, 2017ರಲ್ಲಿ ಇಡಿಯಾಗಿ ಬುಡಸಹಿತ ಬೇರೆಡೆಗೆ ಸರಿಸಿದ ಮೇಲೆಯೇ ಅಲ್ಲಿ ಎರಡನೆಯ ಹಳಿಗೆ ಜಾಗ ಸಿಕ್ಕಿತು. ಪರಂಪರೆಯನ್ನೂ ಪ್ರಯಾಣವನ್ನೂ ಒಟ್ಟಿಗೆ ಉಳಿಸಿಕೊಂಡ ಆ ಕೆಲಸ ನಾಡು ಹೆಮ್ಮೆಪಡುವಂಥದು. ವಿದ್ಯುದೀಕರಣವೂ ಅದೇ ಕಾಲಕ್ಕೆ ಮುಗಿಯಿತು. ಈಗ ಮೆಮು ಎಂಬ, ಕಡಿಮೆ ದೂರದ ವಿದ್ಯುತ್ ಗಾಡಿಗಳೂ ಇಲ್ಲಿ ಓಡುತ್ತವೆ.

ಆದರೆ ಹಳಿ ಸುಧಾರಿಸಿದಷ್ಟೂ ನಡುವಿನ ಊರುಗಳಿಗೆ ರೈಲು ಹತ್ತಿರವಾಯಿತೆಂದು ಹೇಳಲಾಗದು. 2022ರ ನವೆಂಬರ್‌ನಲ್ಲಿ ಆರಂಭವಾದ ಮೈಸೂರು–ಚೆನ್ನೈ ವಂದೇ ಭಾರತ್ ರೈಲಿಗೆ ಆಗ ಗೊತ್ತುಮಾಡಿದ ನಡುವಿನ ನಿಲುಗಡೆಗಳು ಬೆಂಗಳೂರು ಮತ್ತು ಕಾಟ್ಪಾಡಿ ಮಾತ್ರ. ನನ್ನ ದೃಷ್ಟಿಯಲ್ಲಿ ಮಂಡ್ಯಕ್ಕೆ ಬೇಕಿರುವುದು ವೇಗಕ್ಕಿಂತ ಹೆಚ್ಚಾಗಿ ಕಚೇರಿ ವೇಳೆಗೆ ಹೊಂದುವ ಗಾಡಿಗಳು ಮತ್ತು ಕಾಯ್ದಿರಿಸದ ಬೋಗಿಗಳು. ಏಕೆಂದರೆ ಇಲ್ಲಿನವರ ಸಂಸಾರದ ಲೆಕ್ಕ ತಿಂಗಳ ಪಾಸಿನ ಮೇಲೆ ನಿಂತಿದೆ: ಎರಡನೆಯ ದರ್ಜೆಯ ಪಾಸಿಗೆ ಸುಮಾರು ಹದಿನೈದು ಸಲದ ಒಂದು ಬದಿಯ ದರ ಕೊಟ್ಟು ತಿಂಗಳಿಡೀ ಓಡಾಡಬಹುದು. ಕಾಯ್ದಿರಿಸಿದ ಬೋಗಿಗಳಲ್ಲಿ ಮಾತ್ರ ಅದು ಸಾಮಾನ್ಯವಾಗಿ ನಡೆಯದು. ಹೀಗಾಗಿ ಹೊಸ ರೈಲೊಂದರ ಸುದ್ದಿ ಬಂದಾಗ ಪ್ಲಾಟ್‌ಫಾರ್ಮಿನಲ್ಲಿ ಮೊದಲು ಏಳುವ ಪ್ರಶ್ನೆಗಳು ಎರಡೇ: ಮಂಡ್ಯದಲ್ಲಿ ನಿಲ್ಲುತ್ತದೆಯೇ, ಪಾಸು ನಡೆಯುತ್ತದೆಯೇ?